ಅಮ್ಮನ ಪಾಲಿಸಿ ಉಳಿಸಲೋ, ಮಧ್ಯಾಹ್ನ ಮೂರರಿಂದ ಐದರ ಬಿಡುವು ಉಳಿಸಲೋ?

ಲೆಕ್ಕದಕ್ಕ, ದಾವಣಗೆರೆ
ಫೆಬ್ರವರಿ 8, ರಾತ್ರಿ 11.20

ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಹಗಲು ಹೊತ್ತು ಇದನ್ನೆಲ್ಲ ಕೂತು ಹೇಳುವುದಕ್ಕೆ ಪುರುಸೊತ್ತೇ ಇರುವುದಿಲ್ಲ.

ಅಮ್ಮನಿಗೆ ಈಗ 72. ಪಾರ್ಕಿನ್ಸನ್ ಅಂತ ಗೊತ್ತಾಗಿದ್ದು 2019ರಲ್ಲಿ. ಆಗ ಬರೀ ಬಲಗೈ ನಡುಕ, ಚಹಾ ಲೋಟ ತಟ್ಟೆಯ ಮೇಲೆ ಕಟಕಟ ಅನ್ನುತ್ತಿತ್ತು. ಈಗ ಬಚ್ಚಲಮನೆಯ ಹೊಸ್ತಿಲ ಹತ್ತಿರ ಬಂದರೆ ಕಾಲು ನೆಲಕ್ಕೆ ಅಂಟಿದ ಹಾಗೆ ನಿಂತುಬಿಡುತ್ತಾಳೆ. ನಾನು ಎದುರು ನಿಂತು ಒಂದು, ಎರಡು, ಮೂರು ಅಂತ ಎಣಿಸಬೇಕು. ಮೂರು ಅಂದಾಗ ಹೆಜ್ಜೆ ಎತ್ತುತ್ತಾಳೆ. ಸಿಂಡೋಪಾ ಮಾತ್ರೆ ದಿನಕ್ಕೆ ಐದು ಸಲ, ಗಡಿಯಾರ ನೋಡಿಕೊಂಡು. ಅರ್ಧ ಗಂಟೆ ತಡವಾದರೆ ಮೈಯೆಲ್ಲ ಮರದ ಹಾಗೆ ಬಿಗಿಯುತ್ತದೆ.

ನಾನು ಇಲ್ಲೇ ಒಂದು ಶಾಲೆಯಲ್ಲಿ ಲೆಕ್ಕ ಬರೆಯುತ್ತಿದ್ದೆ. 2023ರಲ್ಲಿ ಅಮ್ಮ ಬಿದ್ದು ಸೊಂಟದ ಮೂಳೆ ಮುರಿದ ಮೇಲೆ ಕೆಲಸ ಬಿಟ್ಟೆ. ಈಗ ಮನೆಯಿಂದಲೇ ಮೂರು ಅಂಗಡಿಗಳ ಜಿಎಸ್‌ಟಿ ರಿಟರ್ನ್ ಹಾಕುತ್ತೇನೆ, ತಿಂಗಳಿಗೆ 14,000. ಅಪ್ಪನ ಹಳೇ ಮಳಿಗೆಯ ಬಾಡಿಗೆ 9,000. ಮನೆಯಲ್ಲಿ ನಾವಿಬ್ಬರೇ.

ಈಗ ವಿಷಯಕ್ಕೆ ಬರುತ್ತೇನೆ. ಅಮ್ಮನ ಹೆಸರಲ್ಲಿ 5 ಲಕ್ಷದ ಆರೋಗ್ಯ ವಿಮೆ ಇದೆ. 2018ರ ಮಾರ್ಚ್‌ನಲ್ಲಿ ಮಾಡಿಸಿದಾಗ ವರ್ಷಕ್ಕೆ 14,160. ಹೋದ ವರ್ಷ 44,840. ಏಳು ವರ್ಷಕ್ಕೆ ಮೂರು ಪಟ್ಟು ದಾಟಿತು. ಅಂಗಡಿ ಬಾಡಿಗೆ ಇಷ್ಟು ವರ್ಷದಲ್ಲಿ 3,000 ಏರಿದೆ, ಅಷ್ಟೇ.

2025ರ ಸೆಪ್ಟೆಂಬರ್ 22ರಿಂದ ಆರೋಗ್ಯ ವಿಮೆಯ ಮೇಲಿನ 18% ಜಿಎಸ್‌ಟಿ ತೆಗೆದಾಗ ಖುಷಿಪಟ್ಟವಳು ನಾನು. ಅದೇ ನನ್ನ ಕಸುಬು ನೋಡಿ, ಸುದ್ದಿ ಬಂದ ರಾತ್ರಿಯೇ ಕೂತು ಲೆಕ್ಕ ಹಾಕಿದ್ದೆ, 6,840 ಉಳಿಯುತ್ತದೆ ಅಂತ. ನಿನ್ನೆ ರಿನ್ಯೂವಲ್ ಮೆಸೇಜ್ ಬಂತು: 41,800. ಉಳಿದದ್ದು 3,040. ಮೂಲ ಪ್ರೀಮಿಯಂ 38,000 ಇದ್ದದ್ದು 41,800 ಆಗಿದೆ, ಸರಿಯಾಗಿ 10%. ಸರ್ಕಾರ ಬಿಟ್ಟ ದುಡ್ಡಲ್ಲಿ ಅರ್ಧಕ್ಕಿಂತ ಜಾಸ್ತಿ ಕಂಪನಿಯ ಪಾಲಾಯಿತು.

ಮೊದಲೆಲ್ಲ ಪೂರ್ತಿ ಪ್ರೀಮಿಯಂ ಪುಣೆಯಲ್ಲಿರುವ ಅಣ್ಣ ಕಟ್ಟುತ್ತಿದ್ದ. ಅವನಿಗೂ 80ಡಿ ಅನ್ನುವ ವಿಮೆಯ ರಿಯಾಯಿತಿಯಲ್ಲಿ ತೆರಿಗೆ ಉಳಿಯುತ್ತಿತ್ತು. ಅವನು ಹೊಸ ತೆರಿಗೆ ಪದ್ಧತಿಗೆ ಹೋದ, ಅಲ್ಲಿ 80ಡಿ ಇಲ್ಲ. ಹೋದ ವರ್ಷ ಫೋನ್ ಮಾಡಿ, "ಅರ್ಧರ್ಧ ಮಾಡೋಣ ಕಣೇ" ಅಂದ. ಸರಿ ಅಂದೆ. 22,420 ನನ್ನ ಪಾಲಿಗೆ ಬಂತು.

ಆ ದುಡ್ಡು ಎಲ್ಲಿಂದ ತಂದೆ ಗೊತ್ತಾ? ಅಮ್ಮನನ್ನು ನೋಡಿಕೊಳ್ಳಲು ಆವರಗೆರೆಯಿಂದ ಒಬ್ಬರು ಅಕ್ಕ ಬರುತ್ತಾರೆ. ಬೆಳಗ್ಗೆ 9ರಿಂದ ಸಂಜೆ 5ರವರೆಗೆ, ತಿಂಗಳಿಗೆ 8,500. ಅದನ್ನು 3 ಗಂಟೆಯವರೆಗೆ ಅಂತ ಮಾಡಿ 6,500ಕ್ಕೆ ಇಳಿಸಿದೆ. ವರ್ಷಕ್ಕೆ 24,000 ಉಳಿಯಿತು, ಪ್ರೀಮಿಯಂ ಕಟ್ಟಿದೆ. ಲೆಕ್ಕದ ಪುಸ್ತಕದಲ್ಲಿ ಎಲ್ಲ ಸರಿಯಾಗಿ ಕೂತಿತು. ಆದರೆ ಮೂರರಿಂದ ಐದು ನಾನು ಮಲಗುವ ಹೊತ್ತಾಗಿತ್ತು. ಅಮ್ಮನಿಗೆ ಹೊರಳಲು ಬರುವುದಿಲ್ಲ, ರಾತ್ರಿ ನಾಲ್ಕು ಸಲ ಎದ್ದು ಮಗ್ಗುಲು ಬದಲಿಸಬೇಕು. ಬ್ಯಾಂಕು, ತರಕಾರಿ, ನನ್ನ ಡಾಕ್ಟರು, ಎಲ್ಲ ಆ ಎರಡು ಗಂಟೆಯಲ್ಲೇ ಆಗುತ್ತಿತ್ತು. ಈಗ ಅದಿಲ್ಲ.

ಇನ್ನೊಂದು ಮಾಡಿದ್ದೇನೆ, ಬಯ್ಯಬೇಡಿ. ನನ್ನ ಹೆಸರಿನ 3 ಲಕ್ಷದ ಪಾಲಿಸಿಯನ್ನು ನವೆಂಬರ್‌ನಲ್ಲಿ ಕಟ್ಟಲಿಲ್ಲ. ನನಗೆ 47. ಜನವರಿಯಲ್ಲಿ ಬಿಪಿ ಶುರುವಾಗಿದೆ.

ಈಗ ಅಣ್ಣ ಹೇಳುತ್ತಾನೆ, ಪಾಲಿಸಿ ಬಿಟ್ಟುಬಿಡು, ಆ ದುಡ್ಡನ್ನು ಬ್ಯಾಂಕಲ್ಲಿ ಇಡೋಣ ಅಂತ. 2023ರ ಆಪರೇಷನ್ನಿಗೆ 2,86,000 ಬಿಲ್ ಆಗಿತ್ತು, ವಿಮೆಯವರು ಕೊಟ್ಟದ್ದು 1,81,600. ಕೈಗವಸು, ಡಯಾಪರ್ ಎಲ್ಲ 21,000 ಲೆಕ್ಕಕ್ಕಿಲ್ಲ ಅಂದರು. ರೂಮ್ ಬಾಡಿಗೆ ದಿನಕ್ಕೆ 5,000ದವರೆಗೆ ಮಾತ್ರ, ನಾವಿದ್ದದ್ದು 6,500ರ ರೂಮು. 1,500 ಮಾತ್ರ ಕತ್ತರಿಸುತ್ತಾರೆ ಅಂದುಕೊಂಡಿದ್ದೆ. ಡಾಕ್ಟರ್ ಫೀಸು, ಆಪರೇಷನ್ ಥಿಯೇಟರ್ ಚಾರ್ಜು, ಎಲ್ಲದರಲ್ಲೂ ಅದೇ ಪ್ರಮಾಣದಲ್ಲಿ ಕತ್ತರಿ. ಅದಾದ ಮೇಲೆ ಉಳಿದದ್ದರಲ್ಲಿ ನಮ್ಮ ಪಾಲು 20%. ಆಮೇಲಿನ ಮೂರು ತಿಂಗಳ ಫಿಸಿಯೋಥೆರಪಿ, ವಾಕರ್, ಏರ್‌ಬೆಡ್, ಯಾವುದಕ್ಕೂ ಒಂದು ರೂಪಾಯಿ ಬರಲಿಲ್ಲ. ಆಸ್ಪತ್ರೆಯಲ್ಲಿ ಇದ್ದದ್ದು ಒಂಬತ್ತು ದಿನ. ಮನೆಯಲ್ಲಿ ಮಲಗಿದ್ದು ಮೂರು ತಿಂಗಳು.

ಮಾರ್ಚ್ 28ಕ್ಕೆ ಕಡೇ ದಿನ. ಅಮ್ಮನದು ಬಿಡಲಾ? ನನ್ನದು ಮತ್ತೆ ಮಾಡಿಸಲಾ? ಎರಡೂ ಆಗುವುದಿಲ್ಲ. ಗೊತ್ತಿರುವವರು ಹೇಳಿ.


ಬಾಲಣ್ಣ_ಪಿಂಚಣಿ, ಪುತ್ತೂರು
ಫೆಬ್ರವರಿ 9, ಬೆಳಗ್ಗೆ 6.05

ನಿಮ್ಮ ಅಣ್ಣ ಹೇಳಿದ್ದೇ ಸರಿ. ವಿಮೆ ಎಲ್ಲ ಮೋಸ. ಎಫ್‌ಡಿ ಇಡಿ, ನಿಶ್ಚಿಂತೆಯಿಂದ ಇರಿ.


ಹಳೇ ಏಜೆಂಟ, ಹುಬ್ಬಳ್ಳಿ
ಫೆಬ್ರವರಿ 9, ಬೆಳಗ್ಗೆ 9.40

ಬಾಲಣ್ಣ ಅವರೇ, 42,000 ಎಫ್‌ಡಿ ಇಟ್ಟ ಎರಡನೇ ತಿಂಗಳಲ್ಲೇ ಆ ತಾಯಿ ಮತ್ತೆ ಬಿದ್ದರೆ? ನಿಮಗೆ ಪಿಂಚಣಿ ಬರುತ್ತದೆ, ಆ ಹೆಣ್ಣುಮಗಳಿಗೆ ಬರೋದಿಲ್ಲ.

ತಂಗಿ, ನಾನು 26 ವರ್ಷ ವಿಮೆ ಮಾರಿದವನು, ಈಗ ಬಿಟ್ಟಿದ್ದೇನೆ. ಏಜೆಂಟರಿಗೆ ಕಮಿಷನ್ ಮೇಲೆ ಕಣ್ಣು ಅಂತ ಜನ ಹೇಳೋದು ಪೂರಾ ಸುಳ್ಳಲ್ಲ. ನನಗೆ ಈಗ ಅದು ಇಲ್ಲ, ಅದಕ್ಕೇ ಕೇಳು.

ಅಮ್ಮನ ಪಾಲಿಸಿ ಬಿಡಬೇಡ. 2018ರಲ್ಲಿ ಮಾಡಿಸಿದ್ದು, ಕಾಯಿಲೆ ಗೊತ್ತಾಗಿದ್ದು 2019ರಲ್ಲಿ. ಸತತ 60 ತಿಂಗಳು ಕಟ್ಟಿದ ಪಾಲಿಸಿಯಲ್ಲಿ "ನೀವು ಆಗ ಇದನ್ನ ಹೇಳಿರಲಿಲ್ಲ" ಅಂತ ಕಂಪನಿ ಕ್ಲೇಮ್ ತಳ್ಳಿಹಾಕುವ ಹಾಗಿಲ್ಲ, ವಂಚನೆ ಅಂತ ಸಾಬೀತು ಮಾಡಿದರೆ ಮಾತ್ರ. ಮೊದಲು ಎಂಟು ವರ್ಷ ಇತ್ತು, 2024ರಲ್ಲಿ ಐದಕ್ಕೆ ಇಳಿಸಿದರು. ಕ್ಲೇಮ್ ಮಾಡಿದ್ದಾರೆ ಅನ್ನೋ ಕಾರಣಕ್ಕೆ ರಿನ್ಯೂವಲ್ ನಿಲ್ಲಿಸೋ ಹಾಗೂ ಇಲ್ಲ. ಇಂಥ ಹಳೇ ಪಾಲಿಸಿ ಒಮ್ಮೆ ಕೈಬಿಟ್ಟರೆ ಮತ್ತೆ ಸಿಗೋದಿಲ್ಲ. 65 ದಾಟಿದವರಿಗೂ ಹೊಸ ಪಾಲಿಸಿ ಕೊಡಬಹುದು ಅಂತ 2024ರ ಏಪ್ರಿಲ್‌ನಿಂದ ನಿಯಮವೇನೋ ಇದೆ. ಆದರೆ 72 ವರ್ಷ, ಪಾರ್ಕಿನ್ಸನ್, ಸೊಂಟದ ಆಪರೇಷನ್ ಅಂತ ಫಾರಂನಲ್ಲಿ ಬರೆದರೆ ಯಾರು ಮುಂದೆ ಬರುತ್ತಾರೆ ಹೇಳು.

ಆ 10% ಬಗ್ಗೆ. ಅದು ಸುಮ್ನೆ ಬಂದ ಅಂಕಿ ಅಲ್ಲ. 60 ದಾಟಿದವರ ಪ್ರೀಮಿಯಂ ವರ್ಷಕ್ಕೆ 10%ಕ್ಕಿಂತ ಜಾಸ್ತಿ ಏರಿಸಬೇಕಾದರೆ ಮೊದಲು ತಮ್ಮ ಹತ್ತಿರ ಮಾತಾಡಬೇಕು ಅಂತ ವಿಮೆ ಕಂಪನಿಗಳ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ 2025ರ ಜನವರಿ 30ರಂದು ಕಂಪನಿಗಳಿಗೆ ಹೇಳಿತು. ಮಿತಿ ಹಾಕಿದ್ದು ಹಿರಿಯರ ರಕ್ಷಣೆಗೆ. ನಿನ್ನ ಕಂಪನಿ ಸರಿಯಾಗಿ ಆ ಗೆರೆಗೇ ತಂದು ನಿಲ್ಲಿಸಿದೆ.

ಬೇರೆ ಕಂಪನಿಗೆ ಪೋರ್ಟ್ ಮಾಡಿ ನೋಡಬಹುದು, ಈಗಿನ ವೇಟಿಂಗ್ ಪೀರಿಯಡ್, ಅಂದರೆ ಹಳೇ ಕಾಯಿಲೆಗೆ ದುಡ್ಡು ಸಿಗೋಕೆ ಕಾದ ಅವಧಿ, ಅದರ ಲೆಕ್ಕ ಹಾಳಾಗೋದಿಲ್ಲ. ಆದರೆ ರಿನ್ಯೂವಲ್‌ಗೆ 45 ದಿನ ಮೊದಲೇ ಅರ್ಜಿ ಹಾಕಬೇಕು. ಮಾರ್ಚ್ 28 ಅಂದರೆ ಫೆಬ್ರವರಿ 11ರೊಳಗೆ. ಇವತ್ತು 9. ಒಪ್ಪೋದು ಬಿಡೋದು ಹೊಸ ಕಂಪನಿಗೆ ಬಿಟ್ಟದ್ದು, ನಿನ್ನ ಕೇಸಲ್ಲಿ ನನಗೆ ಅಷ್ಟು ಆಸೆ ಇಲ್ಲ. ಹಾಕು, ಆದರೆ ಅಲ್ಲಿಂದ ಕೈಗೆ ಕಾಗದ ಬರುವವರೆಗೆ ಹಳೇದನ್ನ ಬಿಡಬೇಡ.

ಈಗ ಬಯ್ಯುವ ವಿಷಯ. ನಿನ್ನ ಪಾಲಿಸಿ ಬಿಟ್ಟದ್ದು ದೊಡ್ಡ ತಪ್ಪು ತಂಗಿ. ಕಡೇ ದಿನ ಆದ ಮೇಲೆ 30 ದಿನ ಗ್ರೇಸ್ ಇತ್ತು, ಅದೂ ಹೋಯಿತು. ಈಗ ಹೊಸದಾಗಿ ಮಾಡಿಸಬೇಕು. ಬಿಪಿ ಇದೆ ಅಂತ ಬರೆದೇ ಮಾಡಿಸು, ಮುಚ್ಚಿಡಬೇಡ. ಮೊದಲೇ ಇದ್ದ ಕಾಯಿಲೆಗೆ ಹೆಚ್ಚೆಂದರೆ 36 ತಿಂಗಳು ಕಾಯಿಸಬಹುದು. ಆ 36 ತಿಂಗಳು ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೇದು. ನೀನು ಮಲಗಿದರೆ ಅಮ್ಮನ ಮುಂದೆ ಒಂದು ಎರಡು ಮೂರು ಎಣಿಸೋರು ಯಾರು?

ಒಂದೇ ಸಲಕ್ಕೆ 41,800 ಕಷ್ಟ ಆದರೆ ಕಂತಿನಲ್ಲಿ ಕಟ್ಟೋಕೆ ಬರುತ್ತದಾ ಕೇಳು. ತಿಂಗಳ ಕಂತಾದರೆ ಗ್ರೇಸ್ 15 ದಿನ ಮಾತ್ರ, ನೆನಪಿರಲಿ. ಮುಂದೆ ಆಸ್ಪತ್ರೆಗೆ ಸೇರಿಸಿದರೆ 5,000ದ ಒಳಗಿನ ರೂಮೇ ಕೇಳು, ಇಲ್ಲ ಅಂದರೆ ಹಾಗಂತ ಬರೆಸಿಕೋ.


ಮಲೆನಾಡ ಮಾವ, ಶಿವಮೊಗ್ಗ
ಫೆಬ್ರವರಿ 9, ಮಧ್ಯಾಹ್ನ 2.15

ಅಕ್ಕಾ, ನೀವು ಮಾಡಬೇಕು ಅಂತಿರುವುದನ್ನು ಮಾಡಿ ನೋಡಿದವನು ನಾನು. ಅಪ್ಪನಿಗೆ ಲಕ್ವ ಹೊಡೆದು ಐದು ವರ್ಷ. 2024ರಲ್ಲಿ ಪ್ರೀಮಿಯಂ 39,000 ಆದಾಗ ಪಾಲಿಸಿ ಬಿಟ್ಟೆ. ತಿಂಗಳಿಗೆ 3,500 ಬೇರೆ ಖಾತೆಗೆ ಹಾಕುತ್ತಾ ಹೋದೆ. ಎಂಟು ತಿಂಗಳು ಶಿಸ್ತಾಗಿ ನಡೆಯಿತು, 28,000 ಆಯಿತು. ಮಗಳ ಕಾಲೇಜು ಫೀಸಿಗೆ ಅದರಿಂದಲೇ 15,000 ತೆಗೆದೆ, ವಾಪಸ್ ಹಾಕಿದರಾಯಿತು ಅಂತ. ಮಳೆಗಾಲದಲ್ಲಿ ಅಪ್ಪನಿಗೆ ನ್ಯುಮೋನಿಯಾ. ಐಸಿಯು ಆರು ದಿನ, ಬಿಲ್ 1,92,000. ಹೆಂಡತಿಯ ಎರಡು ಬಳೆ ಸೊಸೈಟಿಯಲ್ಲಿ ಅಡವಿಟ್ಟೆ. ಇವತ್ತಿಗೂ ಬಿಡಿಸಿಲ್ಲ.

ಸರ್ಕಾರಿ ಸ್ಕೀಮ್ ಇದೆಯಲ್ಲ ಅಂತ ಧೈರ್ಯ ಇತ್ತು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಆದರೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ನಮ್ಮದು ಎಪಿಎಲ್, ನಮಗೆ ಸರ್ಕಾರ ಗೊತ್ತುಮಾಡಿದ ಪ್ಯಾಕೇಜ್ ದರದ 30% ಮಾತ್ರ, ವರ್ಷಕ್ಕೆ ಒಂದೂವರೆ ಲಕ್ಷ ಮಿತಿ. ತುರ್ತು ಅಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಬೇರೆ ತರಬೇಕು. ನನ್ನ ತಮ್ಮ ಊರಲ್ಲಿ ಹಾಲಿನ ಸೊಸೈಟಿ ಮೆಂಬರು, ಅವನು ಸಹಕಾರ ಸಂಘದವರಿಗಿರುವ ಯಶಸ್ವಿನಿ ಆರೋಗ್ಯ ಯೋಜನೆಗೆ ಗ್ರಾಮೀಣ ಕುಟುಂಬ ಅಂತ ನಾಲ್ಕು ಜನಕ್ಕೆ 500 ರೂಪಾಯಿ ಕಟ್ಟಿದ್ದ. 500ಕ್ಕೆ 5 ಲಕ್ಷದ ರಕ್ಷಣೆ, ಒಳ್ಳೇ ಯೋಜನೆಯೇ. ಆದರೆ ಅಪ್ಪ ಇರುವುದು ನನ್ನ ಮನೆಯಲ್ಲಿ, ಅವರ ಹೆಸರು ಅದರಲ್ಲಿ ಸೇರಿಸಿರಲಿಲ್ಲ. ಯಾರಿಗೂ ಹೊಳೆಯಲೇ ಇಲ್ಲ. ನಿಮ್ಮ ಕಡೆ ಯಾರಾದರೂ ಸಹಕಾರ ಸಂಘದ ಸದಸ್ಯರಿದ್ದರೆ ಮೊದಲೇ ವಿಚಾರಿಸಿ, ಅದರಲ್ಲೂ ಪಟ್ಟಿಯಲ್ಲಿರುವ ಚಿಕಿತ್ಸೆಗೆ ಮಾತ್ರ.

70 ದಾಟಿದವರಿಗೆ ಆದಾಯ ನೋಡದೆ ಕೊಡುವ ವಯ ವಂದನಾ ಕಾರ್ಡ್ ಅಂತ ಕೇಂದ್ರದವರು 2024ರ ಅಕ್ಟೋಬರ್ 29ಕ್ಕೆ ಶುರು ಮಾಡಿದರು. ಖಾಸಗಿ ವಿಮೆ ಇದ್ದವರಿಗೂ ಅಡ್ಡಿಯಿಲ್ಲ. ನೀವು ಹೋಗುವ ಆಸ್ಪತ್ರೆಯಲ್ಲಿ ಇಂಥ ಸ್ಕೀಮ್ ನೋಡಿಕೊಳ್ಳುವ ಆರೋಗ್ಯ ಮಿತ್ರರನ್ನು ಮುಖತಃ ಕಂಡು, ಇಲ್ಲಿ ನಡೆಯುತ್ತದಾ ಅಂತ ಕೇಳಿ. ಕಾರ್ಡ್ ನಂಬಿಕೊಂಡು ಪಾಲಿಸಿ ಮಾತ್ರ ಬಿಡಬೇಡಿ. ನನ್ನ ಬಳೆ ಕಥೆ ನೆನಪಿರಲಿ.


ಪಾರ್ಕಿನ್ಸನ್ ಸೊಸೆ, ಬೆಂಗಳೂರು
ಫೆಬ್ರವರಿ 9, ರಾತ್ರಿ 10.50

ನಮ್ಮ ಅತ್ತೆಗೂ ಇದೇ. ಒಂಬತ್ತು ವರ್ಷ ಆಯಿತು. ಹೊಸ್ತಿಲಿಗೆ ಎದ್ದು ಕಾಣುವ ಬಣ್ಣದ ಟೇಪ್ ಅಂಟಿಸಿ ನೋಡಿ, ಅದನ್ನು ದಾಟಬೇಕು ಅಂದರೆ ಕಾಲು ಏಳುತ್ತದೆ. ಎಣಿಸುವ ಕೆಲಸ ಅರ್ಧ ಕಮ್ಮಿಯಾಗುತ್ತದೆ.

ಯಾರೂ ಹೇಳದ ಒಂದು ವಿಷಯ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಪಾರ್ಕಿನ್ಸನ್ ಕೂಡ ಒಂದು. ಯುಡಿಐಡಿ ಕಾರ್ಡ್‌ಗೆ, ಅಂದರೆ ಅಂಗವಿಕಲರ ಗುರುತಿನ ಚೀಟಿಗೆ, ಅರ್ಜಿ ಹಾಕಿ. ನಿಮ್ಮಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆ ಇದೆಯಲ್ಲ, ಅಲ್ಲಿ ತಪಾಸಣೆಯ ದಿನ ವಿಚಾರಿಸಿ. 2024-25ರ ರಾಜ್ಯ ಬಜೆಟ್‌ನಲ್ಲಿ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರ ಆರೈಕೆ ಮಾಡುವವರಿಗೆ ತಿಂಗಳಿಗೆ 1,000 ರೂಪಾಯಿ ಅಂತ ಘೋಷಿಸಿದರು. ಗಮನಿಸಿ, ಕಾಯಿಲೆ ಇರುವವರಿಗಲ್ಲ, ನೋಡಿಕೊಳ್ಳುವವರಿಗೆ. ವಿಕಲಚೇತನರ ಇಲಾಖೆಯಲ್ಲಿ ಕೇಳಿ. ಸಾವಿರ ರೂಪಾಯಿಗೆ ಏನು ಬರುತ್ತದೆ ಅಂತ ನಮ್ಮ ಯಜಮಾನರು ನಕ್ಕರು. ನಿಮ್ಮದೇ ಲೆಕ್ಕ ನೋಡಿ: ಎರಡು ಗಂಟೆಗೆ ತಿಂಗಳಿಗೆ 2,000. ಅಂದರೆ ಸಾವಿರಕ್ಕೆ ದಿನಕ್ಕೆ ಒಂದು ಗಂಟೆ ನಿದ್ದೆ ಬರುತ್ತದೆ.

ಇನ್ನೊಂದು. ವಿಮೆ ಆಸ್ಪತ್ರೆಗೆ ಮಾತ್ರ ಅಂತ ನಾವು ಅಷ್ಟು ದುಡ್ಡು ಅಲ್ಲಿಗೇ ಸುರಿಯುತ್ತೇವೆ. ನಮ್ಮತ್ತೆ ಎರಡು ಸಲ ಬಿದ್ದದ್ದೂ ಮಧ್ಯಾಹ್ನವೇ, ನಾನು ಕಣ್ಣು ಮುಚ್ಚಿದ ಹತ್ತು ನಿಮಿಷದಲ್ಲಿ. ಮನೆಯಲ್ಲಿ ಇನ್ನೊಂದು ಜೀವ ಇದ್ದಿದ್ದರೆ ಆ ಎರಡು ಬಿಲ್ ಬರುತ್ತಲೇ ಇರಲಿಲ್ಲ. ಪಾಲಿಸಿ ಬಿಡಿ ಅಂತ ಹೇಳುತ್ತಿಲ್ಲ. ಆ ಅಕ್ಕನನ್ನು ಐದರವರೆಗೆ ಇಟ್ಟುಕೊಳ್ಳುವುದೂ ಒಂದು ಪ್ರೀಮಿಯಂ ಅಂತ ನಿಮ್ಮ ಪುಸ್ತಕದಲ್ಲಿ ಬರೆದುಕೊಳ್ಳಿ.


ದೂರದ ಮಗ, ಮಸ್ಕತ್
ಫೆಬ್ರವರಿ 10, ಬೆಳಗ್ಗೆ 7.30

ಇಲ್ಲಿ ನಾನು ನಿಮ್ಮ ಅಣ್ಣನ ಜಾಗದಲ್ಲಿ ಇರುವವನು. ಅಮ್ಮ ಕಾರ್ಕಳದಲ್ಲಿ, ತಂಗಿ ನೋಡಿಕೊಳ್ಳುತ್ತಾಳೆ. ನಿಜ ಹೇಳುತ್ತೇನೆ, ಪ್ರೀಮಿಯಂ ಕಟ್ಟಿದ ದಿನ ನನ್ನ ಕೆಲಸ ಮುಗಿಯಿತು ಅಂತ ಅನಿಸುತ್ತಿತ್ತು. ಅದಕ್ಕೆ ರಸೀದಿ ಬರುತ್ತದಲ್ಲ. ತಂಗಿ ಮಾಡುವುದಕ್ಕೆ ರಸೀದಿ ಇಲ್ಲ, ಹಾಗಾಗಿ ಕಣ್ಣಿಗೂ ಬೀಳುವುದಿಲ್ಲ.

ಒಂದು ದಿನ ಅವಳು ವಾಟ್ಸಾಪಿನಲ್ಲಿ ಒಂದು ತಿಂಗಳ ಖರ್ಚಿನ ಹಾಳೆ ಕಳಿಸಿದಳು. ಡಯಾಪರ್ ಇಷ್ಟು, ಮಾತ್ರೆ ಇಷ್ಟು, ಆಟೋ ಇಷ್ಟು. ಕೊನೆಯಲ್ಲಿ "ರಾತ್ರಿ ಎದ್ದದ್ದು: 97 ಸಲ". ಬೈಗುಳ ಒಂದೂ ಇರಲಿಲ್ಲ. ಅವತ್ತಿನಿಂದ ಕೆಲಸದವರ ಸಂಬಳ ನಾನೇ ಕಳಿಸುತ್ತೇನೆ.

ನಿಮ್ಮ ಅಣ್ಣನಿಗೆ ಪ್ರೀಮಿಯಂ ಕೇಳಬೇಡಿ. ಮೂರರಿಂದ ಐದು ಕೇಳಿ.


ಲೆಕ್ಕದಕ್ಕ, ದಾವಣಗೆರೆ
ಫೆಬ್ರವರಿ 13, ಮಧ್ಯಾಹ್ನ 3.35

ಎಲ್ಲರಿಗೂ ಒಟ್ಟಿಗೇ ಉತ್ತರ ಬರೆಯುತ್ತಿದ್ದೇನೆ.

ಹುಬ್ಬಳ್ಳಿ ಅಣ್ಣಾ, ಪೋರ್ಟ್ ಅರ್ಜಿಯನ್ನು 10ನೇ ತಾರೀಕು ರಾತ್ರಿಯೇ ಹಾಕಿದೆ. ನಿನ್ನೆ ಫೋನ್ ಮಾಡಿದ ಹುಡುಗಿ ಪಾರ್ಕಿನ್ಸನ್ ಅಂದ ಕೂಡಲೇ "ಮೇಡಂ, ಅಂಡರ್‌ರೈಟಿಂಗ್ ಟೀಮ್‌ಗೆ ಕಳಿಸುತ್ತೇನೆ" ಅಂದಳು, ಪಾಲಿಸಿ ಕೊಡಬೇಕೋ ಬೇಡವೋ ಅಂತ ತೀರ್ಮಾನಿಸುವವರು ಅವರು. ಆ ದನಿ ಕೇಳಿಯೇ ಗೊತ್ತಾಯಿತು. ಹಳೇದನ್ನು ಮುಂದುವರಿಸುತ್ತೇನೆ. ನನ್ನದಕ್ಕೂ ಬಿಪಿ ಬರೆದು ಹೊಸ ಫಾರಂ ಕೊಟ್ಟಿದ್ದೇನೆ, 3 ಲಕ್ಷಕ್ಕೇ. ಪ್ರೀಮಿಯಂ ಇನ್ನೂ ಹೇಳಿಲ್ಲ. ಮೊದಲಿನಷ್ಟು ಇರುವುದಿಲ್ಲ ಅಂತ ಗೊತ್ತು.

ಶಿವಮೊಗ್ಗದವರೇ, ನಿಮ್ಮ ಬಳೆಯ ಕಥೆಯನ್ನು ಅಣ್ಣನಿಗೆ ಫಾರ್ವರ್ಡ್ ಮಾಡಿದೆ. ಊರು ಹೆಸರು ತೆಗೆದು ಕಳಿಸಿದ್ದೇನೆ. ಎಫ್‌ಡಿ ಮಾತು ನಿಂತಿತು.

ಮಸ್ಕತ್‌ನವರು ಹೇಳಿದ ಹಾಗೆ ಹಾಳೆ ಬರೆದೆ. ಲೆಕ್ಕದವಳಾಗಿ ಇದು ಮೊದಲೇ ಹೊಳೆಯಬೇಕಿತ್ತು, ಅಲ್ವಾ? ಊರವರ ಅಂಗಡಿಯ ಲೆಕ್ಕ ಬರೆಯುತ್ತೇನೆ, ನಮ್ಮನೆಯದು ಬರೆದಿರಲಿಲ್ಲ. ಒಂದು ವಾರದ್ದು ಮಾತ್ರ ಕಳಿಸಿದೆ: ರಾತ್ರಿ ಎದ್ದದ್ದು 29 ಸಲ, ಅಮ್ಮನ ಬಟ್ಟೆ ಬದಲಿಸಿದ್ದು 18 ಸಲ, ನಾನು ಮನೆಯಿಂದ ಹೊರಗೆ ಹೋದದ್ದು ಎರಡು ಸಲ, ಎರಡೂ ಮೆಡಿಕಲ್ ಶಾಪಿಗೆ. ಅಣ್ಣ ಎರಡು ದಿನ ಏನೂ ಹೇಳಲಿಲ್ಲ. ಆಮೇಲೆ ಅತ್ತಿಗೆ ಫೋನ್ ಮಾಡಿದರು. ತಿಂಗಳಿಗೆ 2,000 ಅವರ ಖಾತೆಯಿಂದ ನೇರವಾಗಿ ಆವರಗೆರೆ ಅಕ್ಕನಿಗೆ ಹೋಗುತ್ತದೆ. ಪ್ರೀಮಿಯಂ ಅರ್ಧರ್ಧವೇ. ಅಣ್ಣ ಇನ್ನೂ ಮಾತಾಡಿಲ್ಲ, ಸಿಟ್ಟೋ ನಾಚಿಕೆಯೋ ತಿಳಿಯಲಿಲ್ಲ. ಬರುವ ಭಾನುವಾರ ಅವನೇ ಮಾಡುತ್ತಾನೆ, ಬಿಡಿ.

ಬೆಂಗಳೂರಿನವರೇ, ಹೊಸ್ತಿಲಿಗೆ ಹಳದಿ ಟೇಪ್ ಅಂಟಿಸಿದೆ. ಅಮ್ಮ ಮೊದಲು ಅದನ್ನು ಒರೆಸು ಅಂದಳು, ಅರಿಶಿನ ಚೆಲ್ಲಿದೆ ಅಂದುಕೊಂಡು. ಎರಡನೇ ದಿನದಿಂದ ದಾಟುತ್ತಿದ್ದಾಳೆ. ಯುಡಿಐಡಿಗೆ ಸೋಮವಾರ ಆಸ್ಪತ್ರೆಗೆ ಹೋಗಬೇಕು. ಆಟೋಗೆ ಹತ್ತಿಸುವುದು ಹೇಗೆ ಅನ್ನುವುದೊಂದೇ ಯೋಚನೆ. ಆ ಸಾವಿರದ ಅರ್ಜಿಗೆ ಬೇಕಾದ ಕಾಗದ ಏನೇನು, ನೀವು ಕೊಟ್ಟಿದ್ದರೆ ದಯವಿಟ್ಟು ಇಲ್ಲೇ ಬರೆಯಿರಿ.

ಅಕ್ಕ ಇವತ್ತಿನಿಂದ ಐದರವರೆಗೆ ಇದ್ದಾರೆ. ನಾನು ಮಲಗಬೇಕಿತ್ತು, ಇದನ್ನು ಬರೆಯುತ್ತಾ ಕೂತಿದ್ದೇನೆ. ಆ ಕೋಣೆಯಿಂದ ಅವರು ಎಣಿಸುವುದು ಕೇಳುತ್ತಿದೆ. ಮೂರು ಅಂದರು. ಇನ್ನೂ ಒಂದು ಗಂಟೆ ಇಪ್ಪತ್ತು ನಿಮಿಷ ಇದೆ, ಮಲಗುತ್ತೇನೆ.